ಹೂಮಳೆ ಬಂತು, ಬ್ಯಾಕಿಂಗ್ ಮಳೆ ಬರಲಿಲ್ಲ: ಭಾರತ ಫುಟ್ಬಾಲ್ ತಂಡದ ಕಥೆ

2022ರ ನವೆಂಬರ್. ಕೊಡಗಿನ ಸುಂಟಿಕೊಪ್ಪ ಪೇಟೆಯ ಒಂದು ಅಂಗಡಿ ಗೋಡೆಗೆ ಕತಾರ್ ವಿಶ್ವಕಪ್‌ನ ವೇಳಾಪಟ್ಟಿ ಅಂಟಿಸಿದ್ದರು. ಎಂಟು ಗುಂಪು, ಒಟ್ಟು 32 ತಂಡ. ನನ್ನ ಅಕ್ಕನ ಮಗ ಆಗ ಮೂರನೇ ಕ್ಲಾಸು. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದುತ್ತಾ ಹೋದ. ಎ ಗುಂಪಿನಿಂದ ಶುರು ಮಾಡಿ ಎಚ್ ಗುಂಪಿನ ಕೊನೆಯ ತಂಡದವರೆಗೂ ಓದಿದ. ಮತ್ತೆ ಮೊದಲಿನಿಂದ ಓದಿದ. ಆಮೇಲೆ ನನ್ನ ಕಡೆ ತಿರುಗಿ, "ಮಾವ, ಇಂಡಿಯಾ ಎಲ್ಲಿ?" ಅಂದ.

ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವರು ಉತ್ತರ ಕೊಟ್ಟರು. "ನಮ್ಮವರು ಬರಿಗಾಲಲ್ಲಿ ಆಡ್ತಿದ್ರು ಮಗ. ಅದಕ್ಕೆ ವಿಶ್ವಕಪ್‌ಗೆ ಬರಬೇಡಿ ಅಂದ್ರು."

ಇದೇ ಕಥೆಯನ್ನು ನಾನೂ ಚಿಕ್ಕಂದಿನಲ್ಲಿ ಕೇಳಿದ್ದೆ. ನಿಮ್ಮಲ್ಲೂ ಬಹಳ ಜನ ಕೇಳಿರುತ್ತೀರಿ. ಕೇಳೋಕೆ ಚೆನ್ನಾಗಿದೆ, ಆದರೆ ನಿಜ ಅಲ್ಲ. ಹಾಗಾದರೆ ನಿಜ ಏನು ಅಂತ ಆ ಹುಡುಗನಿಗೆ ಹೇಳಬೇಕು ಅನ್ನಿಸಿತು. ಒಂದು ಮಾತಿನಲ್ಲಿ ಹೇಳಿ ಮುಗಿಸೋಕೆ ಆಗಲಿಲ್ಲ. ಅದಕ್ಕೇ ಈ ಬರಹ.

ಕೊಡಗು ಅಂದರೆ ಹಾಕಿ ಅಂತ ಎಲ್ಲರಿಗೂ ಗೊತ್ತು. ಆದರೆ ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿ ಕಡೆ ಬಂದು ನೋಡಿ. ಎಸ್ಟೇಟಿನ ಲೈನ್ ಮನೆಗಳ ಮಕ್ಕಳ ಕಾಲಲ್ಲಿ ಫುಟ್ಬಾಲ್ ಇರುತ್ತದೆ. ಸ್ಟಿಕ್ ಬೇಡ, ಪ್ಯಾಡ್ ಬೇಡ, ಒಂದು ಚೆಂಡು ಇದ್ದರೆ ಇಪ್ಪತ್ತು ಮಕ್ಕಳು ಆಡಬಹುದು. ಸುಂಟಿಕೊಪ್ಪದ ಗೋಲ್ಡ್ ಕಪ್ ಟೂರ್ನಮೆಂಟ್‌ಗೆ ಹೊರ ಜಿಲ್ಲೆಗಳಿಂದಲೂ ತಂಡಗಳು ಬರುತ್ತವೆ. ವಿಶ್ವಕಪ್ ಬಂದರೆ ಬೀದಿ ತುಂಬಾ ಅರ್ಜೆಂಟೀನಾ, ಬ್ರೆಜಿಲ್ ಬಾವುಟ. ಇನ್ನೊಂದು ಮಾತು ಹೇಳುತ್ತೇನೆ. 1973ರ ಹಾಕಿ ವಿಶ್ವಕಪ್‌ನಲ್ಲಿ ಭಾರತಕ್ಕೆ ಬೆಳ್ಳಿ ತಂದ ತಂಡದ ನಾಯಕ ನಮ್ಮ ಎಂ.ಪಿ. ಗಣೇಶ್ ಅಲ್ವಾ? ಅವರು ಸೇನೆ ಸೇರಿ ಹಾಕಿ ಹಿಡಿಯುವ ಮೊದಲು ಕೊಡಗು ಜಿಲ್ಲಾ ತಂಡಕ್ಕೆ ಫುಟ್ಬಾಲ್ ಆಡುತ್ತಿದ್ದವರು. ಅಂದರೆ ಈ ಮಣ್ಣಿಗೆ ಫುಟ್ಬಾಲ್ ಹೊಸದಲ್ಲ.

ಬರಿಗಾಲಿನ ಮಾತು

ಬರಿಗಾಲಿನಲ್ಲಿ ಆಡುವುದು ಹೇಗಿರುತ್ತದೆ ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುತ್ತರಿ ಕಳೆದು ಭತ್ತ ಕೊಯ್ದ ಮೇಲೆ ಗದ್ದೆಯೇ ನಮಗೆ ಗ್ರೌಂಡ್. ಮೊದಲ ಎರಡು ದಿನ ಕೂಳೆ ಚುಚ್ಚುತ್ತದೆ. ಆಮೇಲೆ ಕಾಲು ಒಗ್ಗುತ್ತದೆ. ಒಣ ನೆಲದಲ್ಲಿ ಬರಿಗಾಲಿಗೆ ಚೆಂಡಿನ ಅಂದಾಜು ಬಹಳ ಚೆನ್ನಾಗಿ ಸಿಗುತ್ತದೆ. ಹೆಬ್ಬೆರಳಲ್ಲಿ ಸ್ವಲ್ಪ ತಿರುಗಿಸಿದರೆ ಸಾಕು, ಎದುರಿನವನು ಬೇರೆ ಕಡೆ ಹೋಗಿರುತ್ತಾನೆ. ಅದೇ ಹುಡುಗನನ್ನು ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಆಡಿಸಿ. ನಾಲ್ಕು ಹೆಜ್ಜೆ ಓಡಿ ತಿರುಗುವಾಗ ಜಾರುತ್ತಾನೆ. ಬೂಟಿನ ಕೆಳಗಿರುವ ಮೊಳೆಯಂಥ ಗುಬ್ಬಿಗಳು ನೆಲ ಕಚ್ಚಿ ಹಿಡಿಯುತ್ತವೆ, ಬರಿಗಾಲಿಗೆ ಆ ಹಿಡಿತ ಇಲ್ಲ.

ಭಾರತದ ಫುಟ್ಬಾಲ್ ಶುರುವಾಗಿದ್ದೇ ಈ ಒಣ ನೆಲದ ಜಾಣತನದಿಂದ. 1911ರ ಜುಲೈ 29ರಂದು ಕಲ್ಕತ್ತಾದಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ತಂಡವನ್ನು 2-1ರಿಂದ ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದಿತು. ಬ್ರಿಟಿಷ್ ಸೈನಿಕರ ಕಾಲಲ್ಲಿ ಬೂಟು. ನಮ್ಮವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲು. ನಮ್ಮ ಕಡೆಯೂ ಹಿಂದೆ ಬಿದ್ದಿರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಅವರೇ ಗೆದ್ದರು. ಅದೇ 1937ರಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಹುಟ್ಟಿತು.

ಸ್ವತಂತ್ರ ಭಾರತದ ತಂಡ ಮೊದಲು ಒಲಿಂಪಿಕ್ಸ್‌ಗೆ ಹೋದದ್ದು 1948ರಲ್ಲಿ, ಲಂಡನ್ನಿಗೆ. ನಾಯಕ ನಾಗಾಲ್ಯಾಂಡಿನ ಟಿ. ಆವೊ. ಡಾಕ್ಟರ್ ಓದಿದವರು. ಎದುರಾಳಿ ಫ್ರಾನ್ಸ್. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದರು. ಎರಡು ಪೆನಾಲ್ಟಿ ಸಿಕ್ಕಿತು, ಎರಡೂ ಗೋಲಾಗಲಿಲ್ಲ. ಆದರೂ ಕೊನೆಯ ನಿಮಿಷದವರೆಗೆ 1-1. ಅಷ್ಟರಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಸಾರಂಗಪಾಣಿ ರಾಮನ್, ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ನಮ್ಮ ಬೆಂಗಳೂರಿನವರೇ. ಈ ಹೆಸರುಗಳು ನಮ್ಮ ಮಕ್ಕಳ ಬಾಯಲ್ಲಿ ಇಲ್ಲವಲ್ಲ ಅಂತ ನನಗೆ ನಿಜವಾಗಿ ಬೇಸರ ಇದೆ.

1950ರಲ್ಲಿ ಏನಾಯಿತು

ಈಗ ಅಂಗಡಿಯವರು ಹೇಳಿದ ಕಥೆಗೆ ಬರೋಣ.

1950ರ ವಿಶ್ವಕಪ್ ಬ್ರೆಜಿಲ್‌ನಲ್ಲಿ. ಭಾರತದ ಅರ್ಹತಾ ಗುಂಪಿನಲ್ಲಿದ್ದ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮೂರೂ ಹಿಂದೆ ಸರಿದವು. ಒಂದೂ ಪಂದ್ಯ ಆಡದೆ ಭಾರತಕ್ಕೆ ಜಾಗ ಸಿಕ್ಕಿತು. ಸ್ವೀಡನ್, ಇಟಲಿ, ಪರಗ್ವೆ ಇದ್ದ ಗುಂಪಿಗೆ ನಮ್ಮನ್ನು ಹಾಕಿದರು. ಪ್ರಯಾಣದ ಖರ್ಚಿನಲ್ಲಿ ದೊಡ್ಡ ಪಾಲನ್ನು ತಾವೇ ಕೊಡುತ್ತೇವೆ ಅಂತ ಬ್ರೆಜಿಲ್‌ನವರು ಹೇಳಿದ್ದರು. ಆದರೂ ನಮ್ಮ ಫೆಡರೇಷನ್ ತಂಡ ಕಳಿಸಲಿಲ್ಲ. ತಂಡದ ಆಯ್ಕೆಯಲ್ಲಿ ಒಮ್ಮತ ಇಲ್ಲ, ಅಭ್ಯಾಸಕ್ಕೆ ಸಮಯ ಸಾಲದು ಎಂಬ ಕಾರಣ ಕೊಟ್ಟಿತು.

ಬರಿಗಾಲು ಕಾರಣ ಆಗಿರಲಿಲ್ಲ ಅನ್ನೋದಕ್ಕೆ ಒಂದು ಸರಳ ಸಾಕ್ಷಿ ಇದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ನಮ್ಮ ಹಲವರು ಬರಿಗಾಲಲ್ಲೇ ಆಡಿದರು. 1950ರಲ್ಲಿ ಬರಿಗಾಲಿಗೆ ಬಾಗಿಲು ಮುಚ್ಚಿದ್ದರೆ ಎರಡು ವರ್ಷದ ಮೇಲೆ ಅದೇ ಬಾಗಿಲು ಹೇಗೆ ತೆರೆಯಿತು? 1950ರಲ್ಲಿ ನಾಯಕ ಆಗಬೇಕಿದ್ದ ಶೈಲೇನ್ ಮನ್ನಾ ಅವರೇ ಈ ಮಾತನ್ನು ಮುಂದೆ ಒಪ್ಪಲಿಲ್ಲ.

ಹಾಗಾದರೆ ಬಿಟ್ಟುಕೊಟ್ಟದ್ದು ಯಾಕೆ? ಇಲ್ಲಿ ಆ ಕಾಲಕ್ಕೆ ಹೋಗಿ ನಿಂತು ನೋಡಬೇಕು. ಆಗಿನ ವಿಶ್ವಕಪ್‌ಗೆ ಈಗಿನ ಹೆಸರು ಇರಲಿಲ್ಲ. ಅದಕ್ಕೆ ಮೊದಲು ಮೂರೇ ಸಲ ನಡೆದಿತ್ತು. ಯುದ್ಧದಿಂದಾಗಿ ಮಧ್ಯೆ 12 ವರ್ಷ ನಿಂತೇ ಹೋಗಿತ್ತು. ಒಲಿಂಪಿಕ್ಸ್ ಅಂದರೆ ಎಲ್ಲರಿಗೂ ಗೊತ್ತು, ಹಾಕಿಯಲ್ಲಿ ನಾವು ಚಿನ್ನ ತರುತ್ತಿದ್ದ ಜಾಗ ಅದು. ವಿಶ್ವಕಪ್ ಅಂದರೆ ಹಡಗಿನಲ್ಲಿ ವಾರಗಟ್ಟಲೆ ಹೋಗಬೇಕಾದ ಒಂದು ದೂರದ ಟೂರ್ನಮೆಂಟ್. ಇನ್ನೊಂದು ಅನುಮಾನವೂ ಇತ್ತು. ಒಲಿಂಪಿಕ್ಸ್‌ನಲ್ಲಿ ಆಡುವವರು ಹವ್ಯಾಸಿಗಳೇ ಆಗಿರಬೇಕಿತ್ತು. ವೃತ್ತಿಪರರ ಜೊತೆ ಆಡಿದರೆ ಅದಕ್ಕೆ ತೊಂದರೆ ಆಗಬಹುದೇನೋ ಅನ್ನುವ ಭಯ.

ಹಿಂದೆ ಸರಿದವರು ನಾವೊಬ್ಬರೇ ಅಲ್ಲ. ಸ್ಕಾಟ್ಲೆಂಡ್ ಹೋಗಲಿಲ್ಲ, ಟರ್ಕಿ ಹೋಗಲಿಲ್ಲ. ಖಾಲಿ ಜಾಗಕ್ಕೆ ಬನ್ನಿ ಅಂತ ಕರೆದರೂ ಫ್ರಾನ್ಸ್ ಬರಲಿಲ್ಲ. 16 ತಂಡ ಇರಬೇಕಾದಲ್ಲಿ 13 ಮಾತ್ರ ಆಡಿದವು. ಆ ಸಲ ಕಪ್ ಗೆದ್ದ ಉರುಗ್ವೆಯ ಗುಂಪಿನಲ್ಲಿ ಇದ್ದದ್ದು ಬೊಲಿವಿಯಾ ಒಂದೇ. ಇಟಲಿಯವರ ಕಥೆ ಕೇಳಿದರೆ ಮನಸ್ಸು ಭಾರ ಆಗುತ್ತದೆ. 1949ರ ಮೇ ತಿಂಗಳಲ್ಲಿ ಸುಪರ್ಗಾ ಗುಡ್ಡಕ್ಕೆ ವಿಮಾನ ಬಡಿದು ಅವರ ಟೊರಿನೊ ತಂಡವೇ ಇಲ್ಲವಾಗಿತ್ತು. ಆ ನೋವಿನಲ್ಲಿ ಇಟಲಿ ತಂಡ ವಿಮಾನ ಬಿಟ್ಟು ಹಡಗು ಹತ್ತಿ ಬ್ರೆಜಿಲ್‌ಗೆ ಹೋಯಿತು.

ಆಗಿನವರನ್ನು ಸುಮ್ನೆ ಬೈಯುವುದು ಸುಲಭ. ನನಗೆ ಬೈಯಬೇಕು ಅನ್ನಿಸುವುದಿಲ್ಲ. ಆದರೆ ನಷ್ಟ ಎಷ್ಟು ದೊಡ್ಡದು ಅಂತ ಹೇಳಲೇಬೇಕು. ಅಲ್ಲಿ ಹೋಗಿದ್ದರೆ ಬಹುಶಃ ಮೂರೂ ಪಂದ್ಯ ಸೋಲುತ್ತಿದ್ದೆವು. ಆದರೆ ಸ್ವೀಡನ್, ಇಟಲಿ ಹೇಗೆ ಆಡುತ್ತವೆ ಅಂತ ಕಣ್ಣಾರೆ ನೋಡಿ ಬರುತ್ತಿದ್ದೆವು. ಜಗತ್ತು ಎಲ್ಲಿಗೆ ಮುಟ್ಟಿದೆ ಅಂತ ತಿಳಿಯೋಕೆ ನಾವು ಇನ್ನೂ ಎರಡು ವರ್ಷ ಕಾಯಬೇಕಾಯಿತು. ತಿಳಿದದ್ದು ಹೆಲ್ಸಿಂಕಿಯಲ್ಲಿ. ಯುಗೊಸ್ಲಾವಿಯಾ 10, ಭಾರತ 1.

ಆ ಒಂದು ಗೋಲು ಅಹ್ಮದ್ ಖಾನ್ ಹೊಡೆದದ್ದು. ಅಲ್ಲಿಂದ ಬಂದ ಮೇಲೆ ಫೆಡರೇಷನ್ ಬೂಟು ಕಡ್ಡಾಯ ಮಾಡಿತು.

ರಹೀಂ ಸಾಹೇಬರ ಕಾಲ

ಈ ಕಥೆಯಲ್ಲಿ ಒಬ್ಬರನ್ನೇ ನೆನಪಿಡಿ ಅಂದರೆ ನಾನು ಸೈಯದ್ ಅಬ್ದುಲ್ ರಹೀಂ ಹೆಸರು ಹೇಳುತ್ತೇನೆ. ಹೈದರಾಬಾದಿನವರು. ಮೊದಲು ಶಾಲೆಯಲ್ಲಿ ಮೇಷ್ಟ್ರು. ಆಮೇಲೆ ಹೈದರಾಬಾದ್ ಪೊಲೀಸ್ ತಂಡದ ಕೋಚ್. ಅವರ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡದ ಹೊಣೆಯೂ ಅವರ ಕೈಗೆ ಬಂತು.

ಮೊದಲ ದೊಡ್ಡ ಗೆಲುವು 1951ರಲ್ಲಿ, ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ. ಫೈನಲ್‌ನಲ್ಲಿ ಇರಾನ್ ಎದುರು 1-0. ಗೋಲು ಮೇವಾಲಾಲ್ ಅವರದು. ಚಿನ್ನ ಬಂತು. ಮರುವರ್ಷವೇ ಹೆಲ್ಸಿಂಕಿಯ 10-1 ಆಯಿತು. ರಹೀಂ ಅಲ್ಲಿ ಸುಮ್ಮನೆ ತಲೆ ತಗ್ಗಿಸಿ ಬರಲಿಲ್ಲ. ಆ ಸಲ ಚಿನ್ನ ಗೆದ್ದ ಹಂಗೆರಿ ಹೇಗೆ ಆಡುತ್ತಿದೆ ಅಂತ ನೋಡಿದರು.

ಹಂಗೆರಿಯವರು ಏನು ಮಾಡುತ್ತಿದ್ದರು? ಆಗೆಲ್ಲ ಸೆಂಟರ್ ಫಾರ್ವರ್ಡ್ ಅಂದರೆ ಎದುರಾಳಿಯ ಗೋಲಿನ ಮುಂದೆ ನಿಲ್ಲುವವನು. ಅವನನ್ನು ಹಿಡಿದಿಡೋಕೆ ಒಬ್ಬ ಡಿಫೆಂಡರ್ ಅಂಟಿಕೊಂಡೇ ಇರುತ್ತಿದ್ದ. ಹಂಗೆರಿ ತನ್ನ ಸೆಂಟರ್ ಫಾರ್ವರ್ಡ್‌ನನ್ನು ಹಿಂದಕ್ಕೆ, ಮೈದಾನದ ನಡುವಿಗೆ ಎಳೆದುಕೊಂಡಿತು. ಈಗ ಆ ಡಿಫೆಂಡರ್‌ಗೆ ಇಕ್ಕಟ್ಟು. ಅವನ ಹಿಂದೆ ಬಂದರೆ ಗೋಲಿನ ಮುಂದೆ ಜಾಗ ಖಾಲಿ. ಬರದೆ ನಿಂತರೆ ಆ ಫಾರ್ವರ್ಡ್‌ಗೆ ಆರಾಮಾಗಿ ಆಡೋಕೆ ಬಿಟ್ಟ ಹಾಗೆ. ರಹೀಂ ಇದನ್ನು ಭಾರತಕ್ಕೆ ತಂದರು. ಬಲಗಾಲಿನ ಆಟಗಾರರಿಗೆ ಎಡಗಾಲಲ್ಲೇ ಆಡಿಸಿ ಎರಡೂ ಕಾಲು ಪಳಗಿಸಿದರು.

ಫಲ ಸಿಕ್ಕಿದ್ದು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ. ಮೊದಲ ಎದುರಾಳಿ ಆಗಬೇಕಿದ್ದ ಹಂಗೆರಿ ತನ್ನ ದೇಶದ ದಂಗೆಯಿಂದಾಗಿ ಬರಲಿಲ್ಲ. ಆಮೇಲೆ ಆತಿಥೇಯ ಆಸ್ಟ್ರೇಲಿಯಾವನ್ನು ಭಾರತ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್ಬಾಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಏಷ್ಯನ್ ಅವರು. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯಾ. ಈ ಸಲ ಮೊದಲ ಗೋಲು ನಮ್ಮದು! ಕೊನೆಗೆ 4-1ರಿಂದ ಸೋತೆವು ನಿಜ. ಆದರೆ ನಾಲ್ಕು ವರ್ಷದ ಹಿಂದೆ 10 ಗೋಲು ತಿಂದಿದ್ದ ತಂಡ ಇದು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಎದುರು 3-0 ಸೋಲು. ನಾಲ್ಕನೇ ಸ್ಥಾನ. ಆ ತಂಡದಲ್ಲಿ ನಮ್ಮ ಕೆಂಪಯ್ಯ ಕೂಡ ಇದ್ದರು. 1960ರ ರೋಮ್‌ನಲ್ಲಿ ಫ್ರಾನ್ಸ್ ಜೊತೆ 1-1 ಡ್ರಾ ಆಯಿತು, ಹಂಗೆರಿಗೆ 2-1ರಿಂದ, ಪೆರುವಿಗೆ 3-1ರಿಂದ ಸೋತೆವು. ಅದಾದ ಮೇಲೆ ಭಾರತ ಫುಟ್ಬಾಲ್ ತಂಡ ಒಲಿಂಪಿಕ್ಸ್ ಮುಖ ನೋಡಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1962ರ ಜಕಾರ್ತಾ. ಆ ಏಷ್ಯನ್ ಗೇಮ್ಸ್‌ಗೆ ಇಂಡೋನೇಷ್ಯಾ ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಬಿಟ್ಟುಕೊಳ್ಳಲಿಲ್ಲ. ಹಾಗಿದ್ದರೆ ಇದನ್ನು ಏಷ್ಯನ್ ಗೇಮ್ಸ್ ಅಂತ ಕರೆಯಬಾರದು ಎಂದು ಭಾರತದ ಅಧಿಕಾರಿ ಜಿ.ಡಿ. ಸೋಂಧಿ ಹೇಳಿದರು. ಅಲ್ಲಿನ ಜನ ಭಾರತದ ಮೇಲೆ ಸಿಟ್ಟಾದರು. ಅದನ್ನೆಲ್ಲ ಅನುಭವಿಸಿದವರು ಮೈದಾನದಲ್ಲಿದ್ದ ಹುಡುಗರು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ ಎದುರು 2-0 ಸೋಲು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ದರು. ಹಿಂದೆ ನಿಲ್ಲುವ ಈ ಮನುಷ್ಯನನ್ನು ರಹೀಂ ಫಾರ್ವರ್ಡ್ ಜಾಗಕ್ಕೆ ತಂದು ನಿಲ್ಲಿಸಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ. ಕಿಕ್ಕಿರಿದ ಸ್ಟೇಡಿಯಂ, ಎಲ್ಲರೂ ಭಾರತದ ವಿರುದ್ಧ. ಮೊದಲ 20 ನಿಮಿಷದಲ್ಲಿ ಎರಡು ಗೋಲು. ಒಂದು ಪಿ.ಕೆ. ಬ್ಯಾನರ್ಜಿ, ಇನ್ನೊಂದು ತಲೆಗೆ ಪಟ್ಟಿ ಕಟ್ಟಿಕೊಂಡ ಜರ್ನೈಲ್. 2-1ರಿಂದ ಚಿನ್ನ. ನಾಯಕ ಚುನಿ ಗೋಸ್ವಾಮಿ, ಗೋಲಿನಲ್ಲಿ ಪೀಟರ್ ತಂಗರಾಜ್, ಮುಂದೆ ತುಳಸಿದಾಸ್ ಬಲರಾಮ್. ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದವರು.

ರಹೀಂ ಅವರಿಗೆ ಕ್ಯಾನ್ಸರ್ ಇತ್ತು. 1963ರ ಜೂನ್‌ನಲ್ಲಿ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್ಬಾಲ್‌ನಲ್ಲಿ ಭಾರತಕ್ಕೆ ಮತ್ತೆ ಚಿನ್ನ ಬಂದಿಲ್ಲ.

ಯಾಕೆ ನಿಂತುಹೋಯಿತು

ಕಾಫಿ ಬೆಳೆಯುವವರಿಗೆ ಇದನ್ನು ಹೇಳೋದು ಸುಲಭ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಿದ್ದರೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆದರೆ ಆ ಹೂವೇ ಫಸಲಲ್ಲ. ಕೆಲವು ವಾರದೊಳಗೆ ಬ್ಯಾಕಿಂಗ್ ಮಳೆ ಬರಬೇಕು. ಬರದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಭಾರತದ ಫುಟ್ಬಾಲ್‌ಗೆ ರಹೀಂ ಕಾಲ ಹೂಮಳೆ. ಬ್ಯಾಕಿಂಗ್ ಮಳೆ ಬರಲಿಲ್ಲ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಆ ಸುವರ್ಣ ಕಾಲಕ್ಕೆ ಪರಿಸ್ಥಿತಿಯೂ ನೆರವಾಗಿತ್ತು. ಜಪಾನ್, ಕೊರಿಯಾ ಯುದ್ಧದ ಬೂದಿಯಿಂದ ಆಗಷ್ಟೇ ಏಳುತ್ತಿದ್ದವು. ಕೊಲ್ಲಿ ದೇಶಗಳು ಲೆಕ್ಕಕ್ಕೇ ಇರಲಿಲ್ಲ. ಒಲಿಂಪಿಕ್ಸ್‌ಗೆ ಪಶ್ಚಿಮ ಯುರೋಪಿನ ವೃತ್ತಿಪರ ಆಟಗಾರರು ಬರುವಂತಿರಲಿಲ್ಲ. ಹಾಗಂತ ಆ ಗೆಲುವುಗಳ ಬೆಲೆ ಕಡಿಮೆ ಆಗಲ್ಲ. ಆದರೆ ನಾವು ಮುಂದಿದ್ದೇವೆ ಅಂದುಕೊಂಡು ನಿಂತ ಹೊತ್ತಿಗೆ ಉಳಿದವರು ಓಡೋಕೆ ಶುರು ಮಾಡಿದ್ದರು.

ನಿಂತದ್ದು ಎಲ್ಲೆಲ್ಲಿ? ಒಂದು ಉದಾಹರಣೆ ಸಾಕು. ಜಗತ್ತಿನಲ್ಲೆಲ್ಲ ಪಂದ್ಯ 90 ನಿಮಿಷ. ನಮ್ಮ ದೇಶದ ಟೂರ್ನಮೆಂಟ್‌ಗಳಲ್ಲಿ ಬಹಳ ಕಾಲ 70 ನಿಮಿಷವೇ ಇತ್ತು. 1951ರ ಏಷ್ಯನ್ ಗೇಮ್ಸ್‌ನಲ್ಲೂ ಪಂದ್ಯ 80 ನಿಮಿಷದ್ದೇ. 70 ನಿಮಿಷಕ್ಕೆ ಒಗ್ಗಿದ ದೇಹ 90 ನಿಮಿಷದ ಪಂದ್ಯದಲ್ಲಿ ಕೊನೆಯ 20 ನಿಮಿಷ ಏನು ಮಾಡಬೇಕು? ಕಾಲು ಭಾರ ಆಗುತ್ತದೆ. ಕಾಲು ಭಾರ ಆದಾಗ ತಪ್ಪು ಆಗುತ್ತದೆ.

ಎರಡನೆಯದು, ಲೀಗ್ ಇಲ್ಲದಿದ್ದದ್ದು. ಡುರಾಂಡ್, ರೋವರ್ಸ್, ಐಎಫ್ಎ ಶೀಲ್ಡ್, ರಾಜ್ಯಗಳ ಸಂತೋಷ್ ಟ್ರೋಫಿ, ಇವೇ ನಮ್ಮ ದೊಡ್ಡ ಟೂರ್ನಮೆಂಟ್‌ಗಳು. ಎಲ್ಲ ಹೆಚ್ಚು ಕಡಿಮೆ ಒಂದೇ ಬಗೆ. ಬನ್ನಿ, ಆಡಿ, ಸೋತರೆ ಊರಿಗೆ ಹೋಗಿ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು. 1968-69ರ ಗೆಲುವಿನ ನಂತರ ಕರ್ನಾಟಕ ಮತ್ತೆ ಗೆದ್ದದ್ದು 2023ರಲ್ಲಿ. ಕಲ್ಕತ್ತಾದಲ್ಲಿ ಲೀಗ್ ಇತ್ತು, ಬೇರೆ ನಗರಗಳಲ್ಲೂ ಚಿಕ್ಕದಾಗಿ ಇತ್ತು. ಆದರೆ ಇಡೀ ದೇಶದ ಒಳ್ಳೆಯ ತಂಡಗಳು ವರ್ಷವಿಡೀ ಒಬ್ಬರೊಬ್ಬರ ಜೊತೆ ಆಡುವ ವ್ಯವಸ್ಥೆ ಇರಲಿಲ್ಲ. ನಾಕೌಟ್‌ನಲ್ಲಿ ತಂಡ ಸೋಲದಿರೋಕೆ ಆಡುತ್ತದೆ. ಲೀಗ್‌ನಲ್ಲಿ ಈ ವಾರ ಸೋತರೂ ಮುಂದಿನ ವಾರ ಇದೆ. ಹುಡುಗರನ್ನು ಇಳಿಸಿ ನೋಡಬಹುದು. ತಪ್ಪು ಮಾಡಿ ಕಲಿಯಬಹುದು. ರಾಷ್ಟ್ರೀಯ ಲೀಗ್ ಶುರುವಾದದ್ದು 1996ರಲ್ಲಿ. ರಹೀಂ ಹೋಗಿ ಆಗಲೇ 33 ವರ್ಷ ಆಗಿತ್ತು.

ಈಗ ಜಪಾನ್ ನೋಡಿ. 1962ರಲ್ಲಿ ಜಕಾರ್ತಾದಲ್ಲಿ ನಾವು ಅವರನ್ನು 2-0 ಸೋಲಿಸಿದ್ದೆವು. ಅವರು 1960ರಲ್ಲೇ ಜರ್ಮನಿಯಿಂದ ಡೆಟ್ಮಾರ್ ಕ್ರಾಮರ್ ಎಂಬ ಕೋಚ್‌ನನ್ನು ಕರೆಸಿದ್ದರು. ಅವರ ಸಲಹೆಯಂತೆ 1965ರಲ್ಲಿ ದೇಶದ ಲೀಗ್ ಕಟ್ಟಿದರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಂಚು ಬಂತು. 1993ರಲ್ಲಿ ವೃತ್ತಿಪರ ಜೆ-ಲೀಗ್, 1998ರಲ್ಲಿ ಮೊದಲ ವಿಶ್ವಕಪ್. ಅಲ್ಲಿಂದ ಒಂದೂ ತಪ್ಪಿಸಿಲ್ಲ. ಕೊರಿಯಾ 1983ರಲ್ಲಿ ಲೀಗ್ ಶುರು ಮಾಡಿತು, 1986ರಿಂದ ಪ್ರತಿ ವಿಶ್ವಕಪ್‌ನಲ್ಲೂ ಇದೆ. ಕೊಲ್ಲಿ ದೇಶಗಳಿಗೆ ಎಣ್ಣೆ ಹಣ ಬಂದು ಗ್ರೌಂಡು, ಕೋಚ್ ಎಲ್ಲ ಬಂದವು. ನಾವು ವಿಶ್ವಕಪ್‌ನ ಅರ್ಹತಾ ಪಂದ್ಯ ಅಂತ ಮೊದಲ ಸಲ ಮೈದಾನಕ್ಕೆ ಇಳಿದದ್ದೇ 1985ರಲ್ಲಿ. ನಡುವೆ 1964ರಲ್ಲಿ ನಾಲ್ಕು ತಂಡಗಳ ಏಷ್ಯಾ ಕಪ್‌ನಲ್ಲಿ ಎರಡನೇ ಸ್ಥಾನ, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು. ಹೇಳಿಕೊಳ್ಳೋಕೆ ಅಷ್ಟೇ.

140 ಕೋಟಿಯ ಲೆಕ್ಕ

"140 ಕೋಟಿ ಜನರಲ್ಲಿ 11 ಜನ ಸಿಗಲ್ವಾ?" ಈ ಪ್ರಶ್ನೆ ಎಲ್ಲ ಕಡೆ ಕೇಳುತ್ತೇವೆ. ಕೊಡಗಿನಲ್ಲಿ ಕೂತವರು ಈ ಪ್ರಶ್ನೆ ಕೇಳಬಾರದು ಅಂತ ನನ್ನ ಅನಿಸಿಕೆ. ಯಾಕೆಂದರೆ ಉತ್ತರ ನಮ್ಮ ಮನೆಯಲ್ಲೇ ಇದೆ.

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ. ಇಷ್ಟು ಚಿಕ್ಕ ಜಿಲ್ಲೆಯಿಂದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಹೀಗೆ ಒಬ್ಬರ ಹಿಂದೆ ಒಬ್ಬರು ಭಾರತ ಹಾಕಿ ತಂಡಕ್ಕೆ ಹೋದರು. ಜನಸಂಖ್ಯೆಯಿಂದ ಇದು ಆಯಿತಾ? ಇಲ್ಲ. ಹತ್ತೋಕೆ ಏಣಿ ಇತ್ತು. ಮನೆಯಲ್ಲಿ ಅಜ್ಜನ ಸ್ಟಿಕ್, ಶಾಲೆಯಲ್ಲಿ ಹಾಕಿ, ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲ್, ಆಮೇಲೆ ಸೇನೆ ಅಥವಾ ಬ್ಯಾಂಕಿನ ತಂಡ. ಮೇಲೆ ಬೇಸಗೆಯ ಕೌಟುಂಬಿಕ ಹಾಕಿ ಹಬ್ಬ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬ. ಏಣಿಯ ಪ್ರತಿ ಮೆಟ್ಟಿಲಿನಲ್ಲೂ ಹುಡುಗನಿಗೆ ಆಡೋಕೆ ಒಂದು ಮ್ಯಾಚ್ ಇದೆ, ನೋಡೋಕೆ ಒಬ್ಬರು ಇದ್ದಾರೆ.

ಫುಟ್ಬಾಲ್‌ಗೆ ಈ ಏಣಿ ಭಾರತದ ಕೆಲವೇ ಕಡೆ ಇದೆ. ಬಂಗಾಳ, ಗೋವಾ, ಕೇರಳ, ಮಣಿಪುರ, ಮಿಜೋರಂ, ಪಂಜಾಬ್. ಉಳಿದ ಕೋಟಿ ಕೋಟಿ ಮಕ್ಕಳು ಲೆಕ್ಕಕ್ಕೆ ಇಲ್ಲ. ಆದ್ದರಿಂದ ನಮ್ಮ ತಂಡ ಆರಿಸುವುದು 140 ಕೋಟಿಯಿಂದ ಅಲ್ಲವೇ ಅಲ್ಲ. ಉರುಗ್ವೆಯಲ್ಲಿ ಇರೋದು 35 ಲಕ್ಷ ಜನ, ಎರಡು ವಿಶ್ವಕಪ್ ಅವರ ಮನೆಯಲ್ಲಿದೆ. ಇನ್ನೊಂದು ಹೇಳಲೇ? 2015ರ ಜೂನ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತ ಗುವಾಮ್ ಎಂಬ ದ್ವೀಪಕ್ಕೆ 2-1ರಿಂದ ಸೋತಿತು. ಆ ದ್ವೀಪದ ಜನಸಂಖ್ಯೆ ಕೊಡಗಿನ ಮೂರನೇ ಒಂದು ಭಾಗವೂ ಇಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ಫಿಫಾ ರ‍್ಯಾಂಕಿಂಗ್ 173ಕ್ಕೆ ಇಳಿದಿತ್ತು.

ಭುಟಿಯಾ, ಛೆಟ್ರಿ ಮತ್ತು ಈಚಿನ ವರ್ಷಗಳು

ಕತ್ತಲೆಯೇ ಇತ್ತು ಅಂತಲ್ಲ. ಸಿಕ್ಕಿಂನ ಬೈಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ ಸೇರಿದರು. 2008ರಲ್ಲಿ ದೆಹಲಿಯಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನವನ್ನು 4-1ರಿಂದ ಸೋಲಿಸಿದೆವು. ಸುನಿಲ್ ಛೆಟ್ರಿಯ ಹ್ಯಾಟ್ರಿಕ್. ಆ ಗೆಲುವಿನಿಂದಾಗಿ, 27 ವರ್ಷಗಳ ಅಂತರದ ಮೇಲೆ, 2011ರ ಏಷ್ಯಾ ಕಪ್‌ಗೆ ಜಾಗ ಸಿಕ್ಕಿತು. ಅಲ್ಲಿ ಮೂರೂ ಸೋತೆವು. 2019ರ ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡ್ ಎದುರು 4-1 ಗೆಲುವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಜೊತೆ ಅವರ ನೆಲದಲ್ಲೇ 0-0.

2023ರ ಜುಲೈ 4ರ ರಾತ್ರಿ ನಾನು ಬೆಂಗಳೂರಿನ ಕಂಠೀರವದಲ್ಲಿದ್ದೆ. ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಮೆಂಟಿನ ಫೈನಲ್, ಎದುರಾಳಿ ಕುವೈತ್. ಸುಂಟಿಕೊಪ್ಪದಿಂದ ಬಸ್ ಹತ್ತಿ ಹೋಗಿದ್ದೆವು. 1-1 ಆಗಿ ಪೆನಾಲ್ಟಿಗೆ ಹೋಯಿತು. ಕೊನೆಯ ಹೊಡೆತವನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ತಡೆದಾಗ ಪಕ್ಕದಲ್ಲಿದ್ದ ಅಪರಿಚಿತರನ್ನು ಅಪ್ಪಿಕೊಂಡದ್ದು ನೆನಪಿದೆ. ಇಡೀ ಸ್ಟೇಡಿಯಂ ವಂದೇ ಮಾತರಂ ಹಾಡಿತು. ಅದೇ ತಿಂಗಳು ರ‍್ಯಾಂಕಿಂಗ್ 99 ಆಯಿತು.

ಈ ರ‍್ಯಾಂಕಿಂಗ್ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಪ್ರತಿ ಪಂದ್ಯಕ್ಕೂ ಎದುರಾಳಿಯ ಬಲ ನೋಡಿ ಅಂಕ ಸೇರುತ್ತದೆ, ಇಲ್ಲವೇ ಕಳೆಯುತ್ತದೆ. ಆ ವರ್ಷ ಅಲ್ಲಿಯವರೆಗೆ ಇಂಫಾಲ, ಭುವನೇಶ್ವರ, ಬೆಂಗಳೂರು, ಎಲ್ಲ ನಮ್ಮ ನೆಲದಲ್ಲೇ ಆಡಿದ್ದೆವು. ಗೆಲುವು ಗೆಲುವೇ, ಸಂತೋಷವೂ ನಿಜ. ಆದರೆ 2024ರ ಜನವರಿಯಲ್ಲಿ ಕತಾರ್‌ನ ಏಷ್ಯಾ ಕಪ್‌ಗೆ ಹೋದಾಗ ಆಸ್ಟ್ರೇಲಿಯಾ, ಉಜ್ಬೆಕಿಸ್ತಾನ್, ಸಿರಿಯಾ ಮೂರಕ್ಕೂ ಸೋತೆವು. ಒಂದೂ ಗೋಲು ಬರಲಿಲ್ಲ.

ಆ ಜೂನ್‌ನಲ್ಲಿ ಛೆಟ್ರಿ ಕೋಲ್ಕತ್ತಾದಲ್ಲಿ ಕುವೈತ್ ಎದುರು ವಿದಾಯದ ಪಂದ್ಯ ಆಡಿದರು, 0-0. ಐದು ದಿನ ಬಿಟ್ಟು ದೋಹಾದಲ್ಲಿ ಕತಾರ್ ಎದುರು ಛಾಂಗ್ಟೆ ಗೋಲಿನಿಂದ ನಾವು ಮುಂದಿದ್ದೆವು. ಆಮೇಲೆ ಗೆರೆ ದಾಟಿ ಹೊರಗೆ ಹೋಗಿದ್ದ ಚೆಂಡನ್ನು ಒಳಗೆಳೆದು ಕತಾರ್ ಗೋಲು ಹೊಡೆಯಿತು. ರೆಫರಿ ಗೋಲು ಕೊಟ್ಟರು. ಆ ಸುತ್ತಿನಲ್ಲಿ ವಿಡಿಯೊ ನೋಡಿ ತೀರ್ಮಾನಿಸುವ ವ್ಯವಸ್ಥೆ ಇರಲಿಲ್ಲ. 2-1 ಸೋತು 2026ರ ವಿಶ್ವಕಪ್ ದಾರಿ ಮುಚ್ಚಿತು. ಅನ್ಯಾಯ ಹೌದು. ಆದರೆ ಆ ಪಂದ್ಯಕ್ಕೆ ಬರುವ ಮೊದಲೇ ಅಫ್ಘಾನಿಸ್ತಾನ ಎದುರು ಗುವಾಹಟಿಯಲ್ಲಿ ಸೋತಿದ್ದು ನಾವೇ ಅಲ್ವಾ?

2025ರ ಮಾರ್ಚ್‌ನಲ್ಲಿ ಛೆಟ್ರಿಯನ್ನು ವಾಪಸ್ ಕರೆಸಿದರು. 40ನೇ ವಯಸ್ಸಿನಲ್ಲಿ ಬಂದು ಮಾಲ್ಡೀವ್ಸ್ ಎದುರು ದೇಶಕ್ಕಾಗಿ 95ನೇ ಗೋಲು ಹೊಡೆದರು. ಅವರ ಮೇಲೆ ನನಗೆ ಅಪಾರ ಗೌರವ. ಅವರ ಜಾಗಕ್ಕೆ ಇನ್ನೊಬ್ಬ ಯಾಕೆ ಬರಲಿಲ್ಲ ಅನ್ನೋದು ಕ್ಲಬ್‌ಗಳನ್ನು ಕೇಳಬೇಕಾದ ಮಾತು. ಗೋಲು ಹೊಡೆಯುವ ಜಾಗಕ್ಕೆ ಹೆಚ್ಚಾಗಿ ವಿದೇಶಿ ಆಟಗಾರನನ್ನೇ ತರುತ್ತಾರೆ. ನಮ್ಮ ಹುಡುಗ ಬೆಂಚಿನಲ್ಲಿ ಕೂತು ಸ್ಟ್ರೈಕರ್ ಆಗೋಕೆ ಆಗುತ್ತಾ? 2025ರಲ್ಲಿ ಒಪ್ಪಂದದ ಜಗಳದಿಂದ ದೇಶದ ದೊಡ್ಡ ಲೀಗ್ ಐಎಸ್ಎಲ್ ಹೊತ್ತಿಗೆ ಸರಿಯಾಗಿ ಶುರುವಾಗಲೇ ಇಲ್ಲ. 2027ರ ಏಷ್ಯಾ ಕಪ್‌ಗೂ ಜಾಗ ಸಿಗಲಿಲ್ಲ. ಆ ವರ್ಷ ಖುಷಿ ಕೊಟ್ಟವರು ಹೆಣ್ಣುಮಕ್ಕಳು. ಜುಲೈನಲ್ಲಿ ಥಾಯ್ಲೆಂಡ್ ನೆಲದಲ್ಲೇ ಥಾಯ್ಲೆಂಡನ್ನು 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಹೋದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು.

2026ರ ವಿಶ್ವಕಪ್‌ಗೆ 48 ತಂಡ. ಏಷ್ಯಾಕ್ಕೆ ಎಂಟು ನೇರ ಜಾಗ. ಮೊದಲ ಸಲ ಬರುವವರಲ್ಲಿ ಜೋರ್ಡಾನ್ ಇದೆ, ಉಜ್ಬೆಕಿಸ್ತಾನ್ ಇದೆ. ಉಜ್ಬೆಕಿಸ್ತಾನ್ ದೇಶವಾದದ್ದೇ 1991ರಲ್ಲಿ. ಅವರು ಚಿಕ್ಕ ಮಕ್ಕಳಿಂದ ಶುರು ಮಾಡಿದರು. 2023ರಲ್ಲಿ 20 ವರ್ಷದೊಳಗಿನವರ ಏಷ್ಯಾ ಕಪ್ ಗೆದ್ದರು. 2024ರಲ್ಲಿ ಒಲಿಂಪಿಕ್ಸ್‌ಗೆ ಹೋದರು. 2025ರಲ್ಲಿ 17 ವರ್ಷದೊಳಗಿನವರ ಏಷ್ಯಾ ಕಪ್ ಕೂಡ ಅವರದೇ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದೆ. ಅವನು ಈಗ ದೊಡ್ಡವನಾಗಿದ್ದಾನೆ, ಶಾಲೆಯ ತಂಡದಲ್ಲಿ ಆಡುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ರೌಂಡ್ ತುಂಬಾ ನೀರು. ಆಮೇಲೆ ತಾಲ್ಲೂಕು ಮಟ್ಟದ ಪಂದ್ಯ, ಸೋತರೆ ಅಲ್ಲಿಗೆ ಮುಗೀತು.

"ಹೋದ ವರ್ಷ ಒಟ್ಟು ಎಷ್ಟು ಮ್ಯಾಚ್ ಆಡಿದ್ದೆ?" ಅಂತ ಕೇಳಿದೆ.

ಅವನು ಬೆರಳು ಮಡಚಿ ಎಣಿಸಿದ.

"ನಾಲ್ಕು, ಮಾವ."